ಅತ್ತಿಗೆಯ ಕೊಳ, ಅಕ್ಕನ ಚೀಲ

ನನ್ನ ಅತ್ತಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಬಟ್ಟೆ ಎಂದರೆ ನಿಮ್ಮ ನಮ್ಮ ಬಟ್ಟೆಯಲ್ಲ. ರಕ್ತ, ಕೀವು, ವಾಂತಿ ಅಂಟಿದ ಹಾಸಿಗೆ ಹೊದಿಕೆಗಳು. ಬೆಳಗಿನಿಂದ ಸಂಜೆಯವರೆಗೆ ಬಿಸಿನೀರಿನ ಹಬೆಯಲ್ಲಿ ನಿಂತೂ ನಿಂತೂ ಅವಳ ಬೆರಳ ತುದಿಗಳು ಸದಾ ಸುಕ್ಕುಗಟ್ಟಿರುತ್ತಿದ್ದವು. ಕಲೆ ಕಂಡರೆ ಅವಳಿಗೆ ಆಗದು. ನನ್ನ ಮನೆಗೆ ಬಂದರೂ ಅಷ್ಟೇ, ಕುರ್ಚಿಯಲ್ಲಿ ಕೂರುವ ಮೊದಲು ಮೇಜಿನ ಬಟ್ಟೆಯ ಮೇಲಿನ ಕಾಫಿ ಕಲೆಯನ್ನು ಉಗುರಿನಿಂದ ಕೆರೆದು ನೋಡುವಳು. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ನನಗಿಂತ ಚೂರು ದೊಡ್ಡವಳಷ್ಟೇ, ಹಾಗಾಗಿ ನಮ್ಮಿಬ್ಬರ ನಡುವೆ ಮೊದಲಿನಿಂದಲೂ ಏಕವಚನ, ಮೊದಲಿನಿಂದಲೂ ಜಗಳ. ಆದರೆ ಅವಳ ಮನಸ್ಸು ಅವಳು ಒಗೆದ ಬಟ್ಟೆಯಷ್ಟೇ ಸ್ವಚ್ಛ ಎಂಬ ಮಾತನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಕೆಲಸ ಬಿಟ್ಟ ಮೇಲೆ ಅವಳು ಕೇಳಿದ್ದು ಒಂದೇ: ಹಿತ್ತಲಲ್ಲಿ ಒಂದು ಪುಟ್ಟ ಕೊಳ. ನನ್ನ ಅಣ್ಣ, ಅಂದರೆ ಅವಳ ಗಂಡ, ಬಸ್ಸು ಓಡಿಸಿ ಮೊಣಕಾಲು ಸವೆಸಿಕೊಂಡವನು. ಜೀವಮಾನವೆಲ್ಲ ನೀರಿನಲ್ಲೇ ನಿಂತವಳಿಗೆ ಮತ್ತೆ ನೀರಿನದೇ ಹುಚ್ಚೇ ಎಂದು ನಕ್ಕ. ಅತ್ತಿಗೆ ನಗಲಿಲ್ಲ.

"ಒಂದ್ಸಲನಾದ್ರೂ ಏನೂ ತೊಳೀದೆ ನೀರಿನ ಮುಂದೆ ಸುಮ್ನೆ ಕೂತ್ಕೋಬೇಕು ಕಣ್ರೀ," ಅಂದಳು. "ತಳ ಕಾಣೋ ಅಂಥ ನೀರು."

ಅಣ್ಣ ಗುದ್ದಲಿ ಹಿಡಿದ. ಬಟ್ಟೆ ಒಣಹಾಕುವ ತಂತಿಗೂ ಹಿಂಗೋಡೆಗೂ ನಡುವೆ ಇದ್ದ ಜಾಗದಲ್ಲಿ ಇಬ್ಬರೂ ಸೇರಿ ಗುಂಡಿ ತೋಡಿದರು, ಕಪ್ಪು ರಬ್ಬರ್ ಹಾಳೆ ಹಾಸಿದರು, ಸುತ್ತ ಚಪ್ಪಡಿ ಕಲ್ಲು ಜೋಡಿಸಿದರು. ಬುಟ್ಟಿಗಳಲ್ಲಿ ನೈದಿಲೆ ಇಳಿಸಿ, ಕಿತ್ತಳೆ ಬಣ್ಣದ ಮೀನುಗಳನ್ನು ಬಿಟ್ಟರು. ಅವುಗಳಲ್ಲಿ ಒಂದಕ್ಕೆ ಬಾಲ ಅರ್ಧವೇ ಇತ್ತು. ಅಣ್ಣ ಅದಕ್ಕೆ 'ಮೋಟ' ಎಂದು ಹೆಸರಿಟ್ಟ. ಕೊಳದ ಪಕ್ಕ ಕುರ್ಚಿ ಹಾಕಿಕೊಂಡು ಕೂತರೆ ಮೋಟ ಬಂದು ಅವನ ಬೆರಳಿನ ಹತ್ತಿರ ಬಾಯಿ ತೆರೆಯುತ್ತಿತ್ತು. ಅಣ್ಣ ಅಂಗಿಯ ಜೇಬಿನಿಂದ ಒಂದು ಚಿಟಿಕೆ ಬ್ರೆಡ್ಡಿನ ಪುಡಿ ಉದುರಿಸುತ್ತಿದ್ದ. ಊರೆಲ್ಲ ಸುತ್ತಿದ ಮನುಷ್ಯನಿಗೆ ಉಳಿದ ಸಂತೋಷ ಅಷ್ಟು.

ಮೊದಲ ಬೇಸಿಗೆಯಲ್ಲೇ ಪಾಚಿ ಬಂತು. ನೀರು ಸೊಪ್ಪು ಬೇಯಿಸಿದ ನೀರಿನ ಹಾಗೆ ಹಸಿರಾಯಿತು, ಕಲ್ಲಿನ ಅಂಚಿನಿಂದ ನೂಲಿನಂಥ ಪಾಚಿ ಜಡೆಜಡೆಯಾಗಿ ಇಳಿಯಿತು. ನಾನು ಕೆಲಸ ಮಾಡುವುದು ಊರಿನ ಈಜುಕೊಳದ ಟಿಕೆಟ್ ಕಿಟಕಿಯಲ್ಲಿ. ನಮ್ಮಲ್ಲಿ ನೀರಿಗೆ ಹಾಕುವ ಪುಡಿ ಒಂದು ಹಿಡಿ ತರುತ್ತೇನೆ, ಬೆಳಗಾಗುವುದರೊಳಗೆ ಕನ್ನಡಿ ಆಗುತ್ತದೆ ಎಂದೆ. ಮೀನುಗಳೂ ಬೆಳಗಾಗುವುದರೊಳಗೆ ಹೆಣವಾಗುತ್ತವೆ, ನಿನ್ನ ಬುದ್ಧಿ ನಿನ್ನ ಕಿಟಕಿಯಲ್ಲೇ ಇಟ್ಟುಕೋ ಎಂದಳು ಅತ್ತಿಗೆ. ಕೋಲಿಗೆ ಪಾಚಿ ಸುತ್ತಿ ಸುತ್ತಿ ಎಳೆದಳು. ಬಿದ್ದ ಎಲೆಗಳನ್ನು ಬಲೆಯಿಂದ ಬಾಚಿದಳು. ಅರ್ಧ ನೀರಾದರೂ ನೆರಳಲ್ಲಿರಬೇಕೆಂದು ಇನ್ನೂ ನಾಲ್ಕು ಬುಟ್ಟಿ ನೈದಿಲೆ ತಂದಳು. ಪಾಚಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಆ ಬೇಸಿಗೆಯ ಕೊನೆಗೆ ಅಕ್ಕ ಬಂದರು. ಅಕ್ಕ ಎಂದರೆ ಅತ್ತಿಗೆಯ ಒಡಹುಟ್ಟಿದ ಅಕ್ಕ; ನಾವೂ ಹಾಗೇ ಕರೆಯುತ್ತಿದ್ದೆವು. ಅತ್ತಿಗೆಯ ಅಮ್ಮ ಬೇಗ ತೀರಿಹೋದಾಗ ಅವಳ ತಲೆ ಬಾಚಿದವರು, ಶಾಲೆಯ ಅಂಗಿ ಹೊಲಿದವರು, ಮದುವೆ ಮಾಡಿ ಕಳಿಸಿದವರು ಅಕ್ಕನೇ. ತಾವು ಮದುವೆಯಾಗದೆ ಬೀದಿ ಮೂಲೆಯ ಪುಟ್ಟ ಅಂಗಡಿಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಾ ಉಳಿದರು. ಕಣ್ಣು ಮಂಜಾದ ಮೇಲೆ ಅಂಗಡಿ ಮುಚ್ಚಿ ತಮ್ಮನ ಮನೆ ಸೇರಿದರು. ಅಲ್ಲಿ ಅವರು ಕೂತರೂ ತಪ್ಪು, ನಿಂತರೂ ತಪ್ಪು. 'ದಂಡಕ್ಕೆ ಕೂತು ತಿನ್ನೋರು' ಎಂದು ತಮ್ಮನ ಹೆಂಡತಿ ಫೋನಿನಲ್ಲಿ ಯಾರಿಗೋ ಹೇಳಿದ್ದು ಅಕ್ಕನ ಕಿವಿಗೆ ಬಿತ್ತು. ವಿಷಯ ಗೊತ್ತಾದ ದಿನವೇ ಅತ್ತಿಗೆ ಹೋಗಿ ಅವರನ್ನು ಕೈಹಿಡಿದು ಕರೆದುಕೊಂಡು ಬಂದಳು. ಅಣ್ಣ ತನ್ನ ಹಳೆಯ ಕೋಣೆ ಖಾಲಿ ಮಾಡಿಕೊಟ್ಟ.

ಅಕ್ಕ ಬಂದಮೇಲೆ ಮನೆಯಲ್ಲಿ ಯಾರಿಗೂ ಒಂದು ಕಡ್ಡಿ ಎತ್ತಿಡಲು ಬಿಡಲಿಲ್ಲ. ಎಲ್ಲರಿಗಿಂತ ಮೊದಲು ಏಳುವರು, ಒಣಗಿದ ಬಟ್ಟೆ ಮಡಿಸುವರು, ತೊಳೆದ ಲೋಟವನ್ನೇ ಮತ್ತೆ ತೊಳೆಯುವರು. ಹಿತ್ತಲಿನ ಗುಲಾಬಿ ಗಿಡಗಳನ್ನೂ ನಾನೇ ನೋಡಿಕೊಳ್ಳುತ್ತೇನೆ ಎಂದರು. ಕೊಳದ ಕೆಲಸಕ್ಕಂತೂ ಸೆರಗು ಕಟ್ಟಿ ನಿಂತರು.

ಆಗಲೇ ಅತ್ತಿಗೆಗೆ ಯಾರೋ ಬಾರ್ಲಿ ಹುಲ್ಲಿನ ಉಪಾಯ ಹೇಳಿದ್ದು. ಒಣಹುಲ್ಲನ್ನು ಬಲೆಬಟ್ಟೆಯ ಚೀಲಕ್ಕೆ ತುಂಬಿ ನೀರಿಗೆ ಬಿಟ್ಟರೆ ಅದು ನಿಧಾನ ಕೊಳೆಯುತ್ತಾ ಹೊಸ ಪಾಚಿ ಹುಟ್ಟದ ಹಾಗೆ ತಡೆಯುತ್ತದಂತೆ. ಕೊಳೆತ ಹುಲ್ಲು ಹಾಕಿ ನೀರು ಸ್ವಚ್ಛ ಮಾಡುವ ಜಾಣತನ ಇವತ್ತೇ ಕೇಳಿದ್ದು ಎಂದು ನಾನು ಹೊಟ್ಟೆ ಹಿಡಿದು ನಕ್ಕೆ. ಅಕ್ಕ ಹಳೆಯ ಪರದೆ ಕತ್ತರಿಸಿ ಚೀಲ ಹೊಲಿದರು. ಕಣ್ಣು ಮಂಜಾದರೇನು, ಅವರ ಬೆರಳುಗಳಿಗೆ ಹೊಲಿಗೆ ಗೊತ್ತಿತ್ತು. ಹುಲ್ಲು ತುಂಬಿ, ಬಾಯಿ ಹೊಲಿದು, ದಾರಕ್ಕೆ ಕಲ್ಲು ಕಟ್ಟಿ ಅತ್ತಿಗೆಯ ಕೈಗೆ ಕೊಡುವರು. ಅವಳು ನೀರಿಗೆ ಬಿಡುವಳು. ಹುಲ್ಲು ಪೂರ್ತಿ ಕೊಳೆತ ಮೇಲೆ ಚೀಲ ಬಿಚ್ಚಿ ಖಾಲಿ ಮಾಡುವುದೂ ಅಕ್ಕನೇ. ಗಬ್ಬು ನಾರುತ್ತದೆ, ನಿನ್ನ ಕೈ ಸಾಕಷ್ಟು ಗಲೀಜು ಕಂಡಿದೆ ಎನ್ನುವರು.

ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಮುಂದಿನ ವರ್ಷ ನೀರು ತಿಳಿಯಾಯಿತು. ಒಂದು ಸಂಜೆ ಅತ್ತಿಗೆ ಎಲ್ಲರನ್ನೂ ಕರೆದಳು. ಕೊಳದ ತಳದಲ್ಲಿ ಯಾವತ್ತೋ ಬಿದ್ದುಹೋದ ಬಟ್ಟೆಯ ಕ್ಲಿಪ್ಪು ಕಾಣಿಸುತ್ತಿತ್ತು. ಅದನ್ನು ತೆಗೆಯಲು ಅವಳು ಯಾರಿಗೂ ಬಿಡಲಿಲ್ಲ. ಚಪ್ಪಡಿಯ ಮೇಲೆ ಕೂತು, ಕೈ ಮಡಿಲಲ್ಲಿಟ್ಟುಕೊಂಡು, ಕತ್ತಲಾಗುವವರೆಗೆ ಅದನ್ನೇ ನೋಡಿದಳು. ಅವಳು ಕೈಕಟ್ಟಿ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು.

ಈ ವರ್ಷ ಬೇಸಿಗೆ ಕಾಲಿಡುವ ಮೊದಲೇ ನೀರು ಮತ್ತೆ ಹಸಿರಾಯಿತು. ಹಿಂದೆಂದೂ ಕಾಣದಂಥ ದಟ್ಟ ಹಸಿರು, ಮೊಣಕೈವರೆಗೆ ಇಳಿಸಿದರೆ ಬೆರಳು ಕಾಣದು. ಅತ್ತಿಗೆ ಇನ್ನೊಂದು ಚೀಲ ಹಾಕಿದಳು. ಹೆಚ್ಚಾಯಿತು. ಮತ್ತೂ ಒಂದು ಹಾಕಿದಳು. ಇನ್ನೂ ಹೆಚ್ಚಾಯಿತು. ದಿನಾ ಬೆಳಿಗ್ಗೆ ಅಕ್ಕ ತಂಗಿ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ನಿಂತು ಕೋಲಿಗೆ ಪಾಚಿ ಸುತ್ತುತ್ತಿದ್ದರು, ಹಳೆಯದೆಲ್ಲ ಮಾತಾಡುತ್ತಿದ್ದರು. ಅತ್ತಿಗೆಗೆ ಪಾಚಿಯ ಮೇಲೆ ಎಷ್ಟು ಸಿಟ್ಟಿದ್ದರೂ ಆ ಹೊತ್ತು ಇಷ್ಟವಿತ್ತು. ನೀನೊಬ್ಬಳು ಇಲ್ಲದಿದ್ದರೆ ಯಾವತ್ತೋ ಮಣ್ಣು ಮುಚ್ಚಿಬಿಡುತ್ತಿದ್ದೆ ಅಕ್ಕ ಎಂದು ನನ್ನೆದುರಿಗೇ ಹೇಳಿದ್ದಳು.

ಕಾರಣ ಏನು ಎಂದು ಯೋಚಿಸಿ ಯೋಚಿಸಿ ಕೊನೆಗೆ ಎಲ್ಲರ ಕಣ್ಣು ಬಿದ್ದದ್ದು ಅಣ್ಣನ ಜೇಬಿನ ಮೇಲೆ. ಮೀನು ತಿನ್ನದೆ ಬಿಟ್ಟ ಬ್ರೆಡ್ಡು ಕೊಳೆತು ಪಾಚಿಗೆ ಆಹಾರವಾಗುತ್ತದೆ, ಅದು ಸುಳ್ಳಲ್ಲ. ಆದರೆ ಅಣ್ಣ ಹಾಕುತ್ತಿದ್ದುದು ಒಂದು ಚಿಟಿಕೆ. ಹಾಗೆಂದು ಅವನು ಹೇಳಿದ. ಅತ್ತಿಗೆ ನಂಬಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಕೆಲಸ ಬೇಡ ಎಂದು ನಾನು ಜಗಳಕ್ಕೆ ನಿಂತೆ. ಗಂಡ ಹೆಂಡಿರ ನಡುವೆ ಮೂಗು ತೂರಿಸಬೇಡ ಎಂದು ನನ್ನ ಬಾಯಿ ಮುಚ್ಚಿಸಿದಳು.

ಸೆಖೆ ತಡೆಯಲಾರದ ಒಂದು ಬೆಳಗ್ಗೆ ಅತ್ತಿಗೆ ಫೋನ್ ಮಾಡಿದಳು. ಹೋಗಿ ನೋಡಿದರೆ ಎಷ್ಟೋ ಮೀನುಗಳು ಸತ್ತಿದ್ದವು, ಉಳಿದವು ನೀರಿನ ಮೇಲೆ ಬಾಯಿ ಹಾಕಿ ಗಾಳಿಗಾಗಿ ಒದ್ದಾಡುತ್ತಿದ್ದವು. ಅಷ್ಟು ದಟ್ಟ ಪಾಚಿ ರಾತ್ರಿಯಲ್ಲಿ ನೀರಿನ ಉಸಿರನ್ನೆಲ್ಲ ತಾನೇ ಕುಡಿದುಬಿಡುತ್ತದೆ. ಮೋಟ ಮಗ್ಗುಲಾಗಿ ತೇಲುತ್ತಿತ್ತು. ಅತ್ತಿಗೆ ಕೊಳಾಯಿಯ ಪೈಪು ಹಿಡಿದು ಮೇಲಿನಿಂದ ನೀರು ಚಿಮ್ಮಿಸುತ್ತಿದ್ದಳು, ಗಾಳಿ ಸೇರಲೆಂದು. ಅಕ್ಕ ಅಳುತ್ತಾ ಅಳುತ್ತಾ ಸತ್ತ ಮೀನುಗಳನ್ನು ಬಲೆಯಿಂದ ಎತ್ತುತ್ತಿದ್ದರು. ಮೋಟನನ್ನು ಎತ್ತುವಾಗ ಅವರೇ ಹೇಳಿದರು: "ನಿಮ್ಮನೆಯವರಿಗೆ ಇನ್ನಾದ್ರೂ ಹೇಳಮ್ಮ, ಆ ಬ್ರೆಡ್ಡು ಹಾಕೋದು ನಿಲ್ಲಿಸ್ಲಿ."

ಅತ್ತಿಗೆ ಪೈಪು ಬಿಸಾಡಿ ಅಣ್ಣನ ಕಡೆ ತಿರುಗಿದಳು. "ನಿಮ್ಮ ಕೈಯಿಂದ್ಲೇ ಸತ್ತಿದ್ದು," ಅಂದಳು.

ಅಣ್ಣ ಜೇಬಿನಲ್ಲಿದ್ದ ಪುಡಿಯನ್ನೆಲ್ಲ ಕಸದ ಡಬ್ಬಿಗೆ ಕೊಡವಿದ. ಕುರ್ಚಿ ಎತ್ತಿಕೊಂಡು ಕುಂಟುತ್ತಾ ಮುಂಬಾಗಿಲಿಗೆ ಹೋದ. ಅಂದಿನಿಂದ ಬೀದಿಯ ಕಡೆ ಮುಖ ಮಾಡಿ ಕೂರತೊಡಗಿದ, ಹಿತ್ತಲಿಗೆ ಕಾಲಿಡಲಿಲ್ಲ. ಬ್ರೆಡ್ಡು ನಿಂತಿತು. ಪಾಚಿ ನಿಲ್ಲಲಿಲ್ಲ. ಅತ್ತಿಗೆಯ ಹಟ ಕೊನೆಗೂ ಸೋತಿತು. ಈ ಬೇಸಿಗೆ ಮುಗಿಯುವುದರೊಳಗೆ ನೀರು ತಿಳಿಯಾಗದಿದ್ದರೆ ಮಣ್ಣು ಸುರಿದು ಮುಚ್ಚಿಸುತ್ತೇನೆ ಎಂದಳು. ಮಣ್ಣಿನ ಗಾಡಿಯವನಿಗೂ ಹೇಳಿಟ್ಟಳು.

ಅಕ್ಕನನ್ನು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋಗಬೇಕಾದ ದಿನ ಅಣ್ಣನೇ ಹೊರಟ. ಬೈಸಿಕೊಂಡ ಮನುಷ್ಯ, ಆದರೂ ಬಸ್ಸು ಹತ್ತುವಾಗ ಅಕ್ಕನ ಕೈ ಹಿಡಿದುಕೊಂಡಿದ್ದ. ನನಗೆ ಅಂದು ರಜೆ, ಅತ್ತಿಗೆಯ ಜೊತೆ ಹಿತ್ತಲಲ್ಲಿದ್ದೆ. ಒಂದು ಹುಲ್ಲಿನ ಚೀಲ ಕಲ್ಲಿನಿಂದ ಬಿಡಿಸಿಕೊಂಡು ಅಂಚಿಗೆ ತೇಲಿಬಂದಿತ್ತು. ಅಕ್ಕ ಬಂದಮೇಲೆ ನೋಡಿಕೊಳ್ಳುತ್ತಾರೆ, ಬಿಡು ಎಂದೆ. ಕಲೆ ಕಂಡರೆ ಕೈ ಸುಮ್ಮನಿರದವಳು, ಬಿಡುತ್ತಾಳೆಯೇ? ಕತ್ತರಿ ತಂದು ಹೊಲಿಗೆ ಬಿಚ್ಚಿದಳು, ಕೊಳೆತ ಹುಲ್ಲನ್ನು ಕೈಯಿಂದ ಎಳೆದಳು.

ಹುಲ್ಲಿನ ನಟ್ಟನಡುವೆ ಬಟ್ಟೆಯ ಸಣ್ಣ ಗಂಟಿನಂಥದ್ದು ಇತ್ತು. ಭಾರಕ್ಕೆಂದು ಕಲ್ಲು ಇಟ್ಟಿರಬೇಕು ಎಂದುಕೊಂಡು ಅತ್ತಿಗೆ ಅದನ್ನು ಹಿಂಡಿದಳು. ಮೆತ್ತಗಿತ್ತು. ಬಿಚ್ಚಿದರೆ ಅರ್ಧ ಕರಗಿದ ನೀಲಿ ಕಾಳುಗಳು. ಗುಲಾಬಿಗೆಂದು ಡಬ್ಬಿಯಲ್ಲಿ ತಂದಿಟ್ಟ ಗೊಬ್ಬರ. ಗಿಡಕ್ಕೆ ಹಾಕಿದರೆ ಗಿಡ ಚಿಗುರುತ್ತದೆ, ನೀರಿಗೆ ಹಾಕಿದರೆ ಪಾಚಿ ಚಿಗುರುತ್ತದೆ. ಅದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಆ ಡಬ್ಬಿ ಕೊಳದ ಹತ್ತಿರ ಬರಲೇಬಾರದು ಎಂದು ಅತ್ತಿಗೆ ಮೊದಲ ದಿನವೇ ಅಕ್ಕನಿಗೆ ಹೇಳಿದ್ದಳು. ನನಗೆ ಆಗ ಹೊಳೆಯಿತು: ಗುಲಾಬಿ ಗಿಡಗಳು ವರ್ಷಪೂರ್ತಿ ಬಡಕಲಾಗಿಯೇ ಇದ್ದವು, ಡಬ್ಬಿ ಮಾತ್ರ ಖಾಲಿಯಾಗುತ್ತಲೇ ಇತ್ತು.

"ತಪ್ಪಿ ಬಿದ್ದಿರ್ಬೇಕು," ಅಂದಳು ಅತ್ತಿಗೆ.

ತಪ್ಪಿ ಬಿದ್ದದ್ದು ಬಟ್ಟೆಯಲ್ಲಿ ತನ್ನನ್ನು ತಾನೇ ಹೊಲಿದುಕೊಳ್ಳುತ್ತದೆಯೇ ಎಂದು ಕೇಳಿದೆ. ಅವಳು ಮೊಣಕಾಲುದ್ದದ ನೀರಿಗೆ ಇಳಿದು ಉಳಿದ ಚೀಲಗಳನ್ನೆಲ್ಲ ಎಳೆದು ಹಾಕಿದಳು. ಒಂದೊಂದನ್ನೇ ಕೊಯ್ದಳು. ಎಲ್ಲದರಲ್ಲೂ ಅದೇ ಗಂಟು, ಅದೇ ಒತ್ತೊತ್ತಾದ ಹೊಲಿಗೆ. ಅತ್ತಿಗೆಯ ಶಾಲೆಯ ಅಂಗಿಗಳ ಅಂಚು ಮಡಿಸಿದ ಹೊಲಿಗೆ. ಅತ್ತಿಗೆ ಮದ್ದು ಎಂದು ನಂಬಿ ತನ್ನ ಕೈಯಾರೆ ನೀರಿಗಿಳಿಸಿದ್ದು ವಿಷವನ್ನು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಬೆಳಿಗ್ಗೆ ಜೊತೆಯಲ್ಲಿ ನಿಂತು ಪಾಚಿ ಎಳೆಯುವುದು, ಮಧ್ಯಾಹ್ನ ಕೋಣೆಯಲ್ಲಿ ಕೂತು ಅದಕ್ಕೆ ಊಟ ಕಟ್ಟುವುದು. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವುದು ಎಂಬ ಗಾದೆಯನ್ನು ನಾನು ಎಷ್ಟೋ ಸಲ ಆಡಿದ್ದೆ. ಕಣ್ಣಾರೆ ಕಂಡದ್ದು ಅಂದು. ಅತ್ತಿಗೆ ಕೊಳಾಯಿಯ ಕೆಳಗೆ ಕೈ ತೊಳೆಯುತ್ತಾ ನಿಂತಳು. ನಾನು ಹೋಗಿ ನಲ್ಲಿ ತಿರುಗಿಸಿ ನಿಲ್ಲಿಸಬೇಕಾಯಿತು.

ಅಣ್ಣನೂ ಅಕ್ಕನೂ ಮಧ್ಯಾಹ್ನ ವಾಪಸ್ಸಾದರು. ಕಣ್ಣಿಗೆ ಔಷಧಿ ಬಿಟ್ಟಿದ್ದರಿಂದ ಅಕ್ಕ ಕಪ್ಪು ಕನ್ನಡಕ ಹಾಕಿಕೊಂಡಿದ್ದರು, ಎದುರಿಗಿರುವುದು ಏನೂ ಕಾಣುತ್ತಿರಲಿಲ್ಲ. ಅಡುಗೆಮನೆಯ ಮೇಜಿನ ತುಂಬ ಗಂಟುಗಳು ಹರಡಿದ್ದವು. ಅವರು ಅದರ ಮುಂದೆಯೇ ಕೂತು, ಡಾಕ್ಟರು ಒಳ್ಳೆಯವರು, ಬಸ್ಸಿನಲ್ಲಿ ಜಾಗ ಸಿಕ್ಕಿತು ಎಂದೆಲ್ಲ ಹೇಳಿದರು. ಅತ್ತಿಗೆ ಒಂದು ಗಂಟನ್ನು ಎತ್ತಿ ಅವರ ಅಂಗೈಯಲ್ಲಿಟ್ಟಳು.

ಅಕ್ಕನ ಹೆಬ್ಬೆರಳು ಹೊಲಿಗೆಯ ಗುಂಟ ಹೋಯಿತು.

"ಎಲ್ಲಾ ಚೀಲನೂ ಬಿಚ್ಚಿದ್ಯೇನೇ?" ಎಂದು ಕೇಳಿದರು.

"ಯಾಕಕ್ಕ?"

"ನೀರು ತಿಳಿಯಾದ ದಿನ ನೀನೇ ಅಂದ್ಯಲ್ಲ. ಇನ್ನು ನಿಂಗೇನೂ ಕೆಲ್ಸ ಇಲ್ಲಕ್ಕ, ತಮ್ಮನ ಮನೆಗೆ ಹೋಗಿ ಒಂದಷ್ಟು ದಿನ ಇದ್ದು ಬಾ ಅಂತ."

"ಅಯ್ಯೋ, ಅದು ತಮಾಷೆಗೆ ಅಂದಿದ್ದು."

"ಕೂತು ತಿನ್ನೋರಿಗೆ ಯಾವ್ದು ತಮಾಷೆ ಅಂತ ಹೇಗಮ್ಮ ಗೊತ್ತಾಗುತ್ತೆ? ಚೂರು ಹಸಿರಾದ್ರೆ ಸಾಕು, ನಂಗೊಂದು ಕೆಲ್ಸ ಇರುತ್ತೆ ಅಂದ್ಕೊಂಡೆ. ಮೀನು ಸಾಯುತ್ತೆ ಅಂತ ಗೊತ್ತಿರ್ಲಿಲ್ಲ."

"ಸತ್ತ ಮೇಲೂ ಹಾಕಿದ್ಯಲ್ಲ," ಅಂದಳು ಅತ್ತಿಗೆ. ಅವಳ ದನಿ ಏರಲಿಲ್ಲ. "ಇವ್ರನ್ನ ನಾನು ಬಾಯಿಗೆ ಬಂದಂಗೆ ಬೈತಿದ್ದಾಗ ಪಕ್ಕದಲ್ಲೇ ನಿಂತಿದ್ಯಲ್ಲ ಅಕ್ಕ. ನೀನೇ ಹೇಳಿಕೊಟ್ಯಲ್ಲ."

ಅಲ್ಲಿಯವರೆಗೆ ಮನಸ್ಸಿನ ಒಂದು ಮೂಲೆಯಲ್ಲಿ ನನಗೂ ಅಯ್ಯೋ ಪಾಪ ಅನ್ನಿಸುತ್ತಿತ್ತು, ಸುಳ್ಳೇಕೆ. ಆದರೆ ಅಣ್ಣ ಬಾಗಿಲಲ್ಲಿ ಚಪ್ಪಲಿ ಕಳಚುತ್ತಾ ಎಲ್ಲವನ್ನೂ ಕೇಳಿಸಿಕೊಂಡು ನಿಂತಿದ್ದ. ಅವನ ಮುಖ ಕಂಡ ಮೇಲೆ ಪಾಪವೆಲ್ಲ ಒಣಗಿಹೋಯಿತು. ಅವನು ಬೈಯಲಿಲ್ಲ. ಜೇಬಿನಿಂದ ಔಷಧಿಯ ಸೀಸೆ ತೆಗೆದು ಮೇಜಿನ ಮೇಲಿಟ್ಟು, ಸಂಜೆ ಇನ್ನೊಂದು ಸಲ ಕಣ್ಣಿಗೆ ಬಿಡಬೇಕಂತೆ ಎಂದಷ್ಟೇ ಹೇಳಿ ಮುಂಬಾಗಿಲಿಗೆ ಹೋದ. ಈ ಗಂಡಸಿಗೆ ಸಿಟ್ಟೇ ಬರುವುದಿಲ್ಲವಲ್ಲ ಎಂದು ನನಗೆ ಅವನ ಮೇಲೂ ಸಿಟ್ಟು ಬಂತು.

ಅಕ್ಕ ಎದ್ದು ತಮ್ಮ ಕೋಣೆಗೆ ಹೋಗಿ ಬಟ್ಟೆ ಮಡಿಸತೊಡಗಿದರು. ಅತ್ತಿಗೆ ಹಿಂದೆಯೇ ಹೋಗಿ ಪೆಟ್ಟಿಗೆ ಕಿತ್ತು ಅಟ್ಟದ ಮೇಲಿಟ್ಟಳು. ನಿನ್ನನ್ನು ಎಲ್ಲಿಗೂ ಕಳಿಸುವುದಿಲ್ಲ, ಇದು ನಿನ್ನ ಮನೆ ಎಂದಳು. ನನಗೆ ಆಶ್ಚರ್ಯ. ನಾನಾಗಿದ್ದರೆ ಪೆಟ್ಟಿಗೆಯನ್ನು ನಾನೇ ಹೊತ್ತು ಬಸ್ಸಿಗೆ ಹಾಕಿ ಬರುತ್ತಿದ್ದೆ. ಎಂಥ ದೊಡ್ಡ ಮನಸ್ಸು ಇವಳದು ಎಂದುಕೊಂಡು ಮನೆಗೆ ಹೋದೆ.

ಚೀಲಗಳು ಹೋದವು. ಅತ್ತಿಗೆ ಒಬ್ಬಳೇ ಅರ್ಧ ನೀರು ಹೊರಹಾಕಿ ಹೊಸದು ತುಂಬಿದಳು, ಒಬ್ಬಳೇ ಪಾಚಿ ಎಳೆದಳು, ಶುದ್ಧ ಹುಲ್ಲಿನ ಹೊಸ ಚೀಲಗಳನ್ನು ಸೊಟ್ಟಸೊಟ್ಟ ಹೊಲಿಗೆಯಲ್ಲಿ ತಾನೇ ಹೊಲಿದಳು. ಬೇಸಿಗೆ ಮುಗಿಯುವ ಹೊತ್ತಿಗೆ ಹಸಿರು ಇಳಿಯಿತು, ನೈದಿಲೆಯ ದಂಟುಗಳು ಬುಡದವರೆಗೆ ಕಾಣತೊಡಗಿದವು. ಗಾಡಿಯವನಿಗೆ ಮಣ್ಣು ಬೇಡ ಎಂದು ಹೇಳಿಕಳಿಸಿದಳು. ಒಂದು ದಿನ ತಟ್ಟೆಯಲ್ಲಿ ಬ್ರೆಡ್ಡು ಪುಡಿಮಾಡಿಕೊಂಡು ಅಣ್ಣನ ಹತ್ತಿರ ಹೋಗಿ ನಿಂತಳು, ತಪ್ಪಾಯಿತು ಎಂದಳು. ತಪ್ಪೇನಿಲ್ಲ ಬಿಡು, ಅಭ್ಯಾಸ ತಪ್ಪಿಹೋಯಿತು ಎಂದ ಅಣ್ಣ. ತಟ್ಟೆ ಮುಟ್ಟಲಿಲ್ಲ.

ಈಚೆಗೆ ನಾನು ಹೋದಾಗಲೆಲ್ಲ ಅಕ್ಕ ಅಡುಗೆಮನೆಯ ಕಿಟಕಿಯ ಪಕ್ಕ ಬೆತ್ತದ ಕುರ್ಚಿಯಲ್ಲಿ ಕೂತಿರುತ್ತಾರೆ. ಮೊದಲ ತಟ್ಟೆ ಅವರಿಗೇ. ಬಿಸಿಯಾದದ್ದು, ಮೆತ್ತಗಿರುವುದು ಅವರಿಗೇ. ಎದ್ದು ತಟ್ಟೆ ತೊಳೆಯಲು ಹೋದರೆ ಅತ್ತಿಗೆ ಕೈಯಿಂದ ಮೃದುವಾಗಿ ಬಿಡಿಸಿಕೊಳ್ಳುತ್ತಾಳೆ. ಬಟ್ಟೆ ಮಡಿಸಲು ಹೋದರೆ ಬುಟ್ಟಿಯನ್ನು ಬೇರೆ ಕೋಣೆಗೆ ಒಯ್ಯುತ್ತಾಳೆ. ಸೂಜಿ ದಾರದ ಡಬ್ಬಿ ಪೆಟ್ಟಿಗೆಯ ಜೊತೆ ಅಟ್ಟ ಸೇರಿದೆ. ಮೊನ್ನೆ ಮೇಜಿನ ಮೇಲೆ ಹಸಿ ಬಟಾಣಿ ಇತ್ತು. ಅಕ್ಕ ನಮ್ಮ ಕಡೆ ನೋಡದೆ ಒಂದು ಕಾಯಿ ಎತ್ತಿಕೊಂಡು ಮಡಿಲಲ್ಲಿಟ್ಟು ಸುಲಿಯಲು ಶುರುಮಾಡಿದರು. ಅತ್ತಿಗೆ ಬಂದು ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಆ ಕಾಯಿ ತೆಗೆದುಕೊಂಡಳು.

"ನೀನು ಕೂತ್ಕೋ ಅಕ್ಕ."

ಅಕ್ಕ ಖಾಲಿ ಕೈಗಳನ್ನು ನೋಡಿಕೊಂಡರು. "ಎಷ್ಟು ದಿನಾನೇ ಹೀಗೆ?" ಎಂದು ಕೇಳಿದರು.

"ಇರೋವರೆಗೂ," ಅಂದಳು ಅತ್ತಿಗೆ, ಬಟಾಣಿ ಸುಲಿಯುತ್ತಾ. "ಕೆಲ್ಸ ಇಲ್ದಿದ್ರೆ ಕಳಿಸಿಬಿಡ್ತೀನಿ ಅಂದ್ಕೊಂಡ್ಯಲ್ಲ. ಕಳಿಸಲ್ಲ ಅಕ್ಕ. ಕೂತು ತಿನ್ನು."